ಇಲ್ಲದ ಮದುಮಗಳಿಗೆ ಕಟ್ಟಿದ ಮಡಿಲಕ್ಕಿ

೨೦೦೬ರಲ್ಲಿ ನಾನು ಬೆಂಗಳೂರಿನ ಒಂದು ಖಾಸಗಿ ಎಫ್.ಎಂ. ರೇಡಿಯೋದಲ್ಲಿ ಪ್ರತಿ ಗುರುವಾರ ಬೆಳಗ್ಗೆ ಜನಪದ ಹಾಡುತ್ತಿದ್ದೆ. ಅಲ್ಲಿಯವರು ನನ್ನನ್ನು ‘ಗೆಸ್ಟ್ ಆರ್ಟಿಸ್ಟ್’ ಎನ್ನುತ್ತಿದ್ದರು. ನನ್ನ ಲೆಕ್ಕದಲ್ಲಿ ನಾನು ಅಂದೂ ಇಂದೂ ಸೋಬಾನೆಯವಳು. ಬೇಲೂರು ತಾಲ್ಲೂಕಿನ ಮಾದಿಹಳ್ಳಿ ನನ್ನೂರು. ಓದಿದ್ದು ನಾಲ್ಕನೇ ಕ್ಲಾಸು, ಪದ ಕಲಿತದ್ದು ಅವ್ವನಿಂದ. ಅರಸೀಕೆರೆಯಿಂದ ಬೇಲೂರಿನವರೆಗೆ ಯಾರ ಮನೆ ಮುಂದೆ ಚಪ್ಪರ ಎದ್ದರೂ ಅರಿಶಿನದೆಣ್ಣೆಗೆ, ಧಾರೆಗೆ, ಕೊನೆಗೆ ಹೆಣ್ಣು ಒಪ್ಪಿಸುವುದಕ್ಕೆ ನನ್ನನ್ನೂ ನನ್ನ ಜೊತೆಗಾತಿ ಜಯಮ್ಮನನ್ನೂ ಕರೆಯುತ್ತಿದ್ದರು. ಪದ ಎತ್ತುವವಳು ನಾನು, ಹಿಂದೆ ಎಳೆಯುವವಳು ಅವಳು.

ಇದನ್ನು ಬರೆಯುವಾಗ ಪಕ್ಕದ ತೊಟ್ಟಿಲಲ್ಲಿ ನನ್ನ ಮೊಮ್ಮಗಳು ಕಾಲು ಜಾಡಿಸುತ್ತಿದ್ದಾಳೆ. ಮೂರು ತಿಂಗಳ ಕೂಸು. ಮೊಮ್ಮಕ್ಕಳೆಲ್ಲ ಗಂಡೇ ಆದ ಮೇಲೆ ಬಂದ ಹೆಣ್ಣು. ಆಗಲೇ ಎರಡು ಸಲ ಪೆನ್ನು ಕೆಳಗಿಟ್ಟು ಎದ್ದು ಹೋಗಿ ಅವಳ ಅಂಗಾಲು ಮೂಸಿ ಬಂದೆ. ಹಾಲಿನ ವಾಸನೆ. ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿಯಾಗಿದೆ, ಈಗ ನನ್ನನ್ನು ಕಂಡರೆ ದಾರಿ ಬದಲಿಸುತ್ತಾರೆ. ಇಷ್ಟು ಸಂತೋಷದ ಹೊತ್ತಿನಲ್ಲಿ ಅಷ್ಟು ಅಸಹ್ಯದ ಕಥೆ ಯಾಕೆ ಎಂದು ಜಯಮ್ಮ ಗದರಿದಳು. ಅಸಹ್ಯವನ್ನು ಹೇಳದೆ ಈ ಸಂತೋಷ ಎಲ್ಲಿಂದ ಬಂತೆಂದು ಹೇಳಲಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹಳೇಬೀಡಿನ ಒಂದು ಮದುವೆಗೆ ಬಂದಿದ್ದ ಕಿರಣ್ ಎಂಬ ಹುಡುಗ ನಮ್ಮ ಪದ ಕೇಳಿ, ಊಟದ ಪಂಕ್ತಿಯಲ್ಲೇ ನಮ್ಮನ್ನು ಹಿಡಿದುಕೊಂಡ. ರೇಡಿಯೋದಲ್ಲಿ ಕಾರ್ಯಕ್ರಮ ಮಾಡಿಸುವ ಕೆಲಸ ಅವನದು. ಮೈಕಿನ ಮುಂದೆ ಕೂತು ಮಾತಾಡುವವನೂ ಅವನೇ. ಬೆಳಗ್ಗೆ ಎಂಟಕ್ಕೆ ಅರ್ಧ ಗಂಟೆ ಜನಪದ, ಬನ್ನಿ ಎಂದ. ನಾವು ಬುಧವಾರ ಹಳೇಬೀಡಿನಿಂದ ಬಸ್ಸಿನಲ್ಲಿ ಅರಸೀಕೆರೆಗೆ, ಅಲ್ಲಿಂದ ರೈಲಿನಲ್ಲಿ ಯಶವಂತಪುರಕ್ಕೆ ಹೋಗಿ ಜಯಮ್ಮನ ತಂಗಿ ಮನೆಯಲ್ಲಿ ಉಳಿದು, ಗುರುವಾರ ಹಾಡಿ ವಾಪಸು ಬರುತ್ತಿದ್ದೆವು. ಆ ರೇಡಿಯೋ ಬೆಂಗಳೂರಿನ ಸುತ್ತಮುತ್ತ ಮಾತ್ರ ಕೇಳಿಸುತ್ತಿತ್ತು. ಹೀಗಾಗಿ ನಮ್ಮ ಹಾಡು ನಮ್ಮೂರಿಗೇ ಕೇಳಿಸುತ್ತಿರಲಿಲ್ಲ.

ಮೊದಲ ವಾರವೇ ಕಿರಣ್ ನಮ್ಮನ್ನು ಕೂರಿಸಿಕೊಂಡು ಹೇಳಿದ. “ಅಮ್ಮಾ, ನೀವು ಮಾತಾಡೋದು ಅಷ್ಟು ಹಳ್ಳಿ ಥರ ಕೇಳಿಸ್ತಿಲ್ಲ. ಮಧ್ಯೆ ಮಧ್ಯೆ ‘ಏನ್ಲಾ’, ‘ಎಂಗ್ಲಾ’ ಅಂತ ಬರ್ಲಿ.”

“ಗಂಡಸ್ರು ಗಂಡಸ್ರಿಗೆ ಅನ್ನೋ ಮಾತ್ ಕಣಪ್ಪ ಅದು,” ಎಂದಳು ಜಯಮ್ಮ. “ನಾವ್ಯಾರ್ಗೆ ಅನ್ನಾನ? ನಿಂಗೇ ಅಂದ್ಬುಡ್ಲಾ?”

ಅವನು ನಕ್ಕ, ಆದರೆ ಬಿಡಲಿಲ್ಲ. ಪ್ರತಿ ಪದ ಮುಗಿದ ಮೇಲೂ ಒಂದು ಕೋಳಿ ಕೂಗಿಸುತ್ತಿದ್ದ. ಅದು ಕಂಪ್ಯೂಟರಿನೊಳಗಿನ ಕೋಳಿ. ಧಾರೆ ಪದಕ್ಕೂ ಅದೇ ಕೋಳಿ, ನಾಟಿ ಪದಕ್ಕೂ ಅದೇ ಕೋಳಿ. ಹತ್ತು ನುಡಿಯ ಪದವನ್ನು ಮೂರು ನುಡಿಗೆ ಕತ್ತರಿಸುತ್ತಿದ್ದ. ಹುಡುಗಿಯನ್ನು ಹಸೆಗೆ ಕರೆದು ಕೂರಿಸುವಷ್ಟರಲ್ಲಿ ಕಾರಿನ ಜಾಹೀರಾತು ಬರುತ್ತಿತ್ತು. ಹಸೆ ಮೇಲೆ ಕೂತವಳಿಗೆ ಅರಿಶಿನ ಹಚ್ಚುವವರೇ ಇಲ್ಲ. ಒಳಗೊಳಗೇ ಮೈ ಉರಿಯುತ್ತಿತ್ತು. ಆದರೂ ಹೋಗುತ್ತಿದ್ದೆವು. ಕಾರಣ ಇತ್ತು. ಜಯಮ್ಮನ ತಂಗಿ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹೊಲಿಯುವ ಕೆಲಸಕ್ಕೆ ಹೋಗುತ್ತಿದ್ದಳು. ಗುರುವಾರ ಕೆಲಸಕ್ಕೆ ಕೂರುವ ಮುಂಚೆ ಹೆಂಗಸರೆಲ್ಲ ಒಂದೇ ರೇಡಿಯೋ ಸುತ್ತ ನಿಂತು ನಮ್ಮ ಪದ ಕೇಳುತ್ತಾರೆ ಎಂದು ಅವಳು ಹೇಳುತ್ತಿದ್ದಳು. ಹೋಟೆಲ್ಲಿನ ಅಡುಗೆಮನೆಗಳಲ್ಲಿ, ಆಟೋಗಳಲ್ಲಿ, ತೆಂಗಿನಕಾಯಿ ಮಂಡಿಗಳಲ್ಲಿ ನಮ್ಮ ಕಡೆಯವರು ಎಷ್ಟು ಜನ ಇಲ್ಲ! ಅವರಿಗೆಲ್ಲ ತಲುಪುತ್ತಿದೆ ಎಂಬ ಒಂದು ಹೆಮ್ಮೆ.

ಆದರೆ ‘ನಂಬರ್’ ಬರುತ್ತಿರಲಿಲ್ಲ. ರೇಟಿಂಗ್ ಎಂಬ ಮಾತನ್ನು ನಾನು ಕಲಿತದ್ದು ಆಗಲೇ. ಕಿರಣ್ ಬಿಡಿಸಿ ಹೇಳಿದ್ದು ಹೀಗೆ. ಊರಿನಲ್ಲಿ ಕೆಲವು ಮನೆಗಳನ್ನು ಆರಿಸಿಕೊಳ್ಳುತ್ತಾರೆ. ಯಾವ ಹೊತ್ತಿಗೆ ಯಾವ ಸ್ಟೇಷನ್ ಕೇಳಿದಿರಿ ಎಂದು ಅವರಿಂದ ಗುರುತು ಹಾಕಿಸಿಕೊಳ್ಳುತ್ತಾರೆ. ಅದನ್ನೇ ಇಡೀ ಬೆಂಗಳೂರಿಗೆ ಹಿಗ್ಗಿಸಿ, ಇಂಥ ಸ್ಟೇಷನ್ನಿಗೆ ಇಷ್ಟು ಜನ ಎಂದು ಒಂದು ನಂಬರ್ ತೆಗೆಯುತ್ತಾರೆ. ನಂಬರ್ ನೋಡಿ ಜಾಹೀರಾತು ಬರುತ್ತದೆ. ಜಾಹೀರಾತು ಬರದ ಕಾರ್ಯಕ್ರಮ ನಿಂತುಹೋಗುತ್ತದೆ.

“ನಮ್ ತಂಗಿ ಮನೇಗೆ ಯಾರೂ ಬಂದಿಲ್ವಲ್ಲಪ್ಪ ಕೇಳಕ್ಕೆ?” ಎಂದಳು ಜಯಮ್ಮ.

“ಅಂಥ ಮನೆಗಳಿಗೆ ಅವರು ಹೋಗಲ್ಲಮ್ಮ. ಜನಪದ ಕೇಳೋರು ಸಿಟೀಲಿಲ್ಲ ಅಂತ ನಮ್ಮ ಮೇಲಿನವರು ಹೇಳ್ತಿದಾರೆ. ಏನಾದ್ರೂ ಜೋರಾಗಿರೋದು ಮಾಡ್ಬೇಕು. ಅವತ್ತು ಮದುವೇಲಿ ಕೊನೆಗೆ ಒಂದು ಹಾಡಿದ್ರಲ್ಲ, ಎಲ್ಲಾ ಅತ್ತರಲ್ಲ, ಅದು ಹಾಡಿ.”

ಅವನು ಕೇಳುತ್ತಿದ್ದದ್ದು ಹೆಣ್ಣು ಒಪ್ಪಿಸುವ ಪದ. ಮದುವೆ ಎಲ್ಲ ಮುಗಿದು ಹುಡುಗಿ ಗಂಡನ ಮನೆಗೆ ಹೊರಡುವಾಗ, ಅವಳ ಕೈಯನ್ನು ಹಾಲಿನಲ್ಲಿ ಅದ್ದಿ ಅತ್ತೆಯ ಕೈಗೆ ಕೊಡುವಾಗ ಹೇಳುವ ಪದ. ನಮ್ಮಲ್ಲಿ ಅದನ್ನು ಸುಮ್ಮನೆ ಹೇಳುವುದಿಲ್ಲ. ಕಲಿಯುವಾಗಲೂ ಅವ್ವ ನನಗೆ ಅದನ್ನು ಮನೆಯೊಳಗೆ ಹೇಳಿಕೊಡಲಿಲ್ಲ, ಹೊಲದ ಬದುವಿನ ಮೇಲೆ ಕೂರಿಸಿ ಹೇಳಿಕೊಟ್ಟಳು. ಹೊರಡುವ ಹೆಣ್ಣಿಲ್ಲದೆ ಆ ಪದ ಎತ್ತಿದರೆ ಯಾರದೋ ಮನೆಯ ಹೆಣ್ಣು ಹೊತ್ತಲ್ಲದ ಹೊತ್ತಲ್ಲಿ ಹೊರಡಬೇಕಾಗುತ್ತದೆ ಎಂದು ನಂಬಿಕೆ.

“ಹೆಣ್ಣೇ ಇಲ್ದೆ ಯಾರ್ನಪ್ಪ ಒಪ್ಸಾನ?” ಎಂದೆ. “ಅದೊಂದ್ ಬ್ಯಾಡ. ಬೇರೆ ಎಷ್ಟ್ ಬೇಕಾದ್ರೂ ಹೇಳ್ತೀವಿ.”

ವಾರ ವಾರವೂ ಕೇಳಿದ, ವಾರ ವಾರವೂ ಇಲ್ಲ ಎಂದೆ. ಆಮೇಲೆ ಕೇಳುವುದನ್ನು ಬಿಟ್ಟ. ಹುಡುಗನಿಗೆ ಅರ್ಥವಾಯಿತು ಎಂದುಕೊಂಡೆ. ಅವನು ಅರ್ಥ ಮಾಡಿಕೊಂಡದ್ದು ಬೇರೆ.

ಶ್ರಾವಣ ಹುಟ್ಟಿದ ಮೇಲಿನ ಒಂದು ಗುರುವಾರ. ಮೊದಲ ಪದ ಮುಗಿದಿತ್ತು, ಕೋಳಿಯೂ ಕೂಗಿಯಾಗಿತ್ತು. ಕಿರಣ್ ಇದ್ದಕ್ಕಿದ್ದಂತೆ ದನಿ ತಗ್ಗಿಸಿ, “ಒಂದು ಕಾಲ್ ಬಂದಿದೆ, ಕೇಳೋಣ” ಎಂದ. ಕಿವಿಗೆ ಹಾಕಿದ್ದ ಹೆಡ್‌ಫೋನಿನಲ್ಲಿ ಒಂದು ಎಳೇ ದನಿ.

“ಅಮ್ಮಾ, ನನ್ನ ಹೆಸರು ಲಕ್ಷ್ಮಿ. ನಮ್ಮೂರು ಹಗರೆ. ಇವತ್ತು ಬೆಳಗಿನ ಜಾವ ನನ್ನ ಮದ್ವೆ ಆಯ್ತು, ಇಲ್ಲೇ ಬೆಂಗಳೂರಲ್ಲಿ, ದೇವಸ್ಥಾನದಲ್ಲಿ. ನನಗೆ ಅವ್ವ ಇಲ್ಲ. ಹೋದ ವರ್ಷ ತೀರಿಕೊಂಡ್ಲು. ಈಗ ಅವರ ಮನೆಗೆ ಹೊರಡ್ತಿದೀನಿ. ನನ್ನ ಒಪ್ಪಿಸಿಕೊಡೋಕೆ ಯಾರೂ ಇಲ್ಲ. ನೀವು ಒಂದು ಪದ ಹೇಳ್ತೀರಾ?”

ಹಗರೆ ಎಂದರೆ ನಮ್ಮ ಕಡೆಯ ಊರು. ನಾನು ಆ ಊರಿನ ಎಷ್ಟೋ ಹೆಣ್ಣುಮಕ್ಕಳನ್ನು ಒಪ್ಪಿಸಿದವಳು. ತಬ್ಬಲಿ ಹೆಣ್ಣು ಹೊಸ್ತಿಲ ಮೇಲೆ ನಿಂತು ಕೇಳಿದರೆ ಸೋಬಾನೆಯವಳು ಇಲ್ಲವೆನ್ನುವ ಹಾಗಿಲ್ಲ. ಆ ಹೊತ್ತಿಗೆ ಅವಳೇ ತಾಯಿ. ಜಯಮ್ಮನ ಮುಖ ನೋಡಿದೆ, ಅವಳ ಕಣ್ಣು ಆಗಲೇ ತುಂಬಿತ್ತು. ಎತ್ತಿದೆ. ಮೂರು ನುಡಿಗೆ ನಿಲ್ಲಿಸಲಿಲ್ಲ, ಅವನೂ ತಡೆಯಲಿಲ್ಲ. ಎಲ್ಲ ನುಡಿಯನ್ನೂ ಹೇಳಿದೆ. ನಡುವೆ ಒಂದು ನುಡಿಯನ್ನು ಜಯಮ್ಮನೇ ಎಳೆದುಕೊಂಡು ಹೋದಳು. ಆ ಕಡೆಯಿಂದ ಬಿಕ್ಕುವುದು ಕೇಳಿಸುತ್ತಿತ್ತು. “ಹೋಗಿ ಬಾ ನನ್ನವ್ವ, ಮಡಿಲು ತುಂಬಿ ಬಾಳು” ಎಂದು ನಾನು ಬಾಯಿಬಿಟ್ಟು ಹೇಳಿದೆ. ಲೈನ್ ಕಡಿದುಹೋಯಿತು. ಈ ಸಲ ಕೋಳಿ ಕೂಗಲಿಲ್ಲ.

ಹೊರಗೆ ಬಂದರೆ ಆಫೀಸಿನ ಫೋನುಗಳೆಲ್ಲ ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಕಿರಣ್ ಕುಣಿದಾಡುತ್ತಿದ್ದ. ಆ ಹುಡುಗಿಯ ವಿಳಾಸ ಕೊಡು ಎಂದೆ. ಲೈನ್ ಕಟ್ ಆಯಿತು, ಗೊತ್ತಿಲ್ಲ ಎಂದ.

ವಿಳಾಸ ಯಾಕೆ ಬೇಕಿತ್ತೆಂದರೆ, ಒಪ್ಪಿಸುವ ಪದ ಹೇಳಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ತಾಯಿಯ ಜಾಗದಲ್ಲಿ ನಿಂತವಳು ಮಡಿಲು ತುಂಬಬೇಕು. ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲದಚ್ಚು, ಎಲೆ ಅಡಿಕೆ, ಅರಿಶಿನದ ಕೊಂಬು, ಬಳೆ, ರವಿಕೆ ಕಣ. ಇವನ್ನು ಹುಡುಗಿಯ ಸೆರಗಿಗೆ ಸುರಿದು ಕಟ್ಟಿದರೆ ಅವಳಿಗೆ ತವರು ಇದೆ ಎಂದು ಅರ್ಥ. ಇಲ್ಲದಿದ್ದರೆ ಬರಿ ಮಡಿಲಲ್ಲಿ ಹೋದ ಹೆಣ್ಣು. ಊರಿಗೆ ಬಂದವಳೇ ಹಳೇಬೀಡಿನ ಸಂತೆಗೆ ಹೋಗಿ ಹಸಿರು ಬಳೆ ತಂದೆ. ಕೊಬ್ಬರಿಗೆ ಅರಸೀಕೆರೆಯಲ್ಲಿರುವ ನನ್ನ ತಮ್ಮನಿಗೆ ಹೇಳಿ ಕಳಿಸಿದೆ. ಲಕ್ಷ್ಮಿ ಎಂದು ಹೆಸರು ಹೇಳಿ, ಹೊಸ ಬಟ್ಟೆಯಲ್ಲಿ ಗಂಟು ಕಟ್ಟಿದೆ. ಒಬ್ಬಳ ಹೆಸರಲ್ಲಿ ಕಟ್ಟಿದ ಮಡಿಲಕ್ಕಿಯನ್ನು ಕಟ್ಟಿದ ಮನೆಯಲ್ಲಿ ಮತ್ತೆ ಬಿಚ್ಚುವುದಿಲ್ಲ, ಹೊರಟ ಮೇಲೆ ವಾಪಸು ತರುವುದಂತೂ ಇಲ್ಲವೇ ಇಲ್ಲ.

ಗಂಟನ್ನು ಮನೆಯಲ್ಲೇ ಇಟ್ಟು, ವಿಳಾಸ ಕೇಳಲು ಹಗರೆಗೆ ಹೋದೆ. ಬಸ್ ಸ್ಟಾಪಿನ ಪಕ್ಕದ ಹಾಲಿನ ಡೇರಿಯಲ್ಲಿ ಕೇಳಿದೆ. ಡೇರಿಯವನು ಕ್ಯಾನ್ ತೊಳೆಯುತ್ತಾ ತಲೆ ಕೆರೆದುಕೊಂಡ.

“ಲಕ್ಸ್ಮೀರು ನಾಕಾರ್ ಜನ ಅವ್ರೆ ಕಣಮ್ಮೋ. ಚಿಕ್ಕೋರ್ಗೆ ಇನ್ನೂ ಮದ್ವೆ ಆಗಿಲ್ಲ, ಆಗಿರೋರ್ಗೆ ಮೊಮ್ಮಕ್ಳವ್ರೆ. ಈ ವಾರ ನಮ್ಮೂರಲ್ಲಿ ಮದ್ವೆ ಆಗಿರೋದು ಒಂದೇಯ, ಅದೂ ಹುಡುಗಂದು. ಯಾರೇಳಿದ್ರು ನಿಮ್ಗೆ?”

“ರೇಡಿಯೋದಲ್ ಹೇಳಿದ್ಲು.”

“ಯಾವ ರೇಡಿಯೋ? ಬೆಂಗ್ಳೂರ್ದಾ? ಅದ್ ಇಲ್ಲೀಗೆ ಬರಾಕಿಲ್ವಲ್ಲ!”

ಊರು ಬಿಟ್ಟು ಎಷ್ಟೋ ವರ್ಷ ಆಗಿರಬೇಕು, ಬೆಂಗಳೂರಲ್ಲೇ ಬೆಳೆದವಳಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮುಂದಿನ ಬುಧವಾರ ಗಂಟನ್ನು ರೈಲು ಹತ್ತಿಸಿದೆ. “ಅಷ್ಟ್ ಜನದಲ್ಲಿ ಎಲ್ಲಿ ಉಡುಕ್ತೀಯೇ?” ಎಂದಳು ಜಯಮ್ಮ. ರೇಡಿಯೋದಲ್ಲೇ ಹೇಳಿದರಾಯಿತು, ಲಕ್ಷ್ಮಿ, ನಿನ್ನ ಮಡಿಲಕ್ಕಿ ಇಲ್ಲಿದೆ, ಬಂದು ತಗೊಂಡು ಹೋಗು ಅಂತ. ಹಾಗೆ ಯೋಚನೆ ಮಾಡಿಕೊಂಡು ದಾರಿಯುದ್ದಕ್ಕೂ ಗಂಟನ್ನು ಮಡಿಲಿಂದ ಇಳಿಸಲಿಲ್ಲ.

ಗುರುವಾರ ಸ್ಟೇಷನ್ನಿನ ಸೋಫಾ ಮೇಲೆ ಗಂಟು ಇಟ್ಟುಕೊಂಡು ಕೂತಿದ್ದೆವು. ಅಲ್ಲಿ ಕೆಲಸ ಕಲಿಯಲು ಸೇರಿದ್ದ ದಿವ್ಯಾ ಎಂಬ ಹುಡುಗಿ, ಪ್ಯಾಂಟು ಶರ್ಟು, ಕೈಯಲ್ಲಿ ಟೀ ಲೋಟ, ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಾ ನಮ್ಮೆದುರು ಹಾದುಹೋದಳು. ಎಷ್ಟೋ ವಾರದಿಂದ ಅವಳನ್ನು ನೋಡಿದ್ದೆ, ನಕ್ಕಿದ್ದಳು, ಮಾತಾಡಿರಲಿಲ್ಲ. ಆವತ್ತು ಮಾತು ಕಿವಿಗೆ ಬಿತ್ತು, ಹೆಡ್‌ಫೋನಿನಲ್ಲಿ ಕೇಳಿದ್ದ ಅದೇ ಎಳೇ ದನಿ. ಜಯಮ್ಮ ನನ್ನ ತೋಳು ಚಿವುಟಿದಳು.

“ಲಕ್ಷ್ಮೀ,” ಎಂದು ಕರೆದೆ.

ಹುಡುಗಿ ತಿರುಗಿದಳು. ತಿರುಗಿದ ಮೇಲೆ ತಿರುಗಬಾರದಿತ್ತು ಎಂದು ಗೊತ್ತಾಗಿ ಮುಖ ಬಿಳಿಚಿಕೊಂಡಿತು. ಅವಳ ಕಣ್ಣು ನನ್ನ ಗಂಟಿನ ಮೇಲೆ ಬಿತ್ತು. ಅದರ ಬಾಯಿಂದ ಹಸಿರು ಬಳೆ ಇಣುಕುತ್ತಿತ್ತು.

ಗಂಟಿನ ಬಾಯನ್ನು ಕೈಯಿಂದ ಮುಚ್ಚಿದೆ. ಸುಳ್ಳು ಹೇಳಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮದುವೆ ಮನೆಗಳಲ್ಲಿ ಅದಕ್ಕೇನು ಬರವಿಲ್ಲ. ಇದು ಹಾಗಲ್ಲ. ನನ್ನ ಅವ್ವನ ಪದವನ್ನು, ಬದುವಿನ ಮೇಲೆ ಕಲಿತ ಪದವನ್ನು, ಗಂಟಲಿಗೆ ಕೈ ಹಾಕಿ ಕಿತ್ತುಕೊಂಡ ಹಾಗಿತ್ತು.

“ಮದ್ವೆ ಇಲ್ದೆ ಹೆಣ್ಣೊಪ್ಸಿದ್ವಲ್ಲೇ, ತೂ!” ಎಂದಳು ಜಯಮ್ಮ, ಇಡೀ ಆಫೀಸಿಗೆ ಕೇಳಿಸುವ ಹಾಗೆ.

ಕಿರಣ್ ಓಡಿ ಬಂದ. ಅವನ ಮುಖದಲ್ಲಿ ನಾಚಿಕೆ ಹುಡುಕಿದೆ. ಇರಲಿಲ್ಲ. “ಅಮ್ಮಾ, ಕೋಪ ಮಾಡ್ಕೋಬೇಡಿ. ಅದೊಂದು ಆಕ್ಟ್ ಅಷ್ಟೇ. ನೀವು ಹೆಣ್ಣಿಲ್ದೆ ಹಾಡಲ್ಲ ಅಂದ್ರಿ, ಅದಕ್ಕೆ ಹೆಣ್ಣು ತಂದ್ವಿ. ಈ ವಾರ ನಂಬರ್ ಏನಾಗಿದೆ ಗೊತ್ತಾ? ಮೇಲಿನವರೇ ಫೋನ್ ಮಾಡಿದ್ರು. ಪ್ರೋಗ್ರಾಂ ಉಳೀತು!” ಆಮೇಲೆ ಗಂಟು ನೋಡಿದ. “ಇದೇನಮ್ಮಾ?”

ಮಡಿಲಕ್ಕಿ ಎಂದೆ. ಹೇಳಬಾರದಿತ್ತು. ಅವನ ಕಣ್ಣು ಅಗಲವಾದವು.

“ಅಯ್ಯೋ ಸೂಪರ್! ಇದನ್ನ ಲೈವ್ ಮಾಡೋಣ. ಲಕ್ಷ್ಮಿ ಮತ್ತೆ ಫೋನ್ ಮಾಡ್ತಾಳೆ, ನೀವು ನಿನ್ನ ಮಡಿಲಕ್ಕಿ ತಂದಿದೀನಿ ಅಂತೀರ, ಅವಳು ಸ್ಟುಡಿಯೋಗೆ ಬರ್ತಾಳೆ. ಬಳೆ ಸದ್ದು ಮೈಕಲ್ಲಿ ಎಷ್ಟು ಚೆನ್ನಾಗಿ ಬರುತ್ತೆ ಗೊತ್ತಾ? ಇಡೀ ಬೆಂಗಳೂರು ಅಳುತ್ತೆ.”

ಅವನನ್ನು ಬೈಯುವುದಕ್ಕೂ ನನಗೆ ಹೇಸಿಗೆಯಾಯಿತು. ಬೈದರೆ ಅದನ್ನೂ ಮೈಕಿಗೆ ಹಿಡಿಯುತ್ತಿದ್ದನೇನೋ. ಗಂಟು ಎತ್ತಿಕೊಂಡು ಹೊರಟೆ. ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದೆವು. ಹಿಂದಿನಿಂದ ಕಾಲ ಸದ್ದು. ಮೆಟ್ಟಿಲ ತಿರುವಿನಲ್ಲಿ ದಿವ್ಯಾ ಬಂದು ನಿಂತಳು. ಅಳುತ್ತಿದ್ದಳು. ಈ ಅಳುವಾದರೂ ನಿಜವೋ ಎಂದು ನಾನು ಅವಳ ಮುಖವನ್ನೇ ನೋಡುತ್ತಾ ನಿಂತೆ.

“ಸಾರಿ ಅಮ್ಮ. ಮಾಡ್ಲಿಲ್ಲ ಅಂದ್ರೆ ಕೆಲಸದಿಂದ ತೆಗೀತಾರೆ ಅಂತ...”

“ನಿಮ್ಮವ್ವ ಇದಾಳೇನೇ?” ಎಂದೆ.

“ಇದಾರೆ. ತುಮಕೂರಲ್ಲಿ.”

“ಬದ್ಕಿರೋ ಅವ್ವನ್ನ ಸಾಯ್ಸಿಬುಟ್ಯಲ್ಲೇ! ರೇಡಿಯೋದಲ್ಲಿ, ಅಷ್ಟ್ ಜನದ್ ಮುಂದೆ!”

ಹುಡುಗಿ ಗೋಡೆಗೆ ಒರಗಿ ಕುಸಿದು ಕೂತಳು. ಆ ಮಾತು ಅಲ್ಲಿಯವರೆಗೆ ಅವಳಿಗೆ ಹೊಳೆದೇ ಇರಲಿಲ್ಲ ಎಂದು ಕಾಣುತ್ತದೆ.

ನನ್ನ ಕೈಯಲ್ಲಿ ಗಂಟಿತ್ತು. ಅದನ್ನು ಮಾದಿಹಳ್ಳಿಗೆ ವಾಪಸು ಒಯ್ಯುವಂತಿಲ್ಲ. ದಾರಿಯಲ್ಲಿ ಯಾರಿಗೋ ಕೊಡೋಣವೆಂದರೆ ಅದು ಲಕ್ಷ್ಮಿಯ ಹೆಸರಲ್ಲಿ ಕಟ್ಟಿದ್ದು, ಆ ಹೆಸರು ಹೇಳಿಕೊಂಡು ಬಂದವಳು ಲೋಕದಲ್ಲಿ ಇವಳೊಬ್ಬಳೇ. “ಏಳೇ, ಮಡ್ಲೊಡ್ಡು,” ಎಂದೆ.

“ಇವ್ಳಿಗಾ? ತಲೆ ಕೆಟ್ಟೈತೇನೇ ನಿಂಗೆ?” ಎಂದಳು ಜಯಮ್ಮ.

ಒಡ್ಡಲು ಹುಡುಗಿಗೆ ಸೆರಗೇ ಇರಲಿಲ್ಲ. ಕಡೆಗೆ ಜಯಮ್ಮನೇ ಗೊಣಗುತ್ತಾ ತನ್ನ ಹೆಗಲ ಮೇಲಿನ ಟವಲನ್ನು ಅವಳ ಸೊಂಟಕ್ಕೆ ಸುತ್ತಿ ಕಟ್ಟಿದಳು. ಆ ಮೆಟ್ಟಿಲ ಮೇಲೆ, ಪದವಿಲ್ಲದೆ, ಮಾತಿಲ್ಲದೆ ಗಂಟು ಇಟ್ಟೆ. ಕರುಣೆಯಿಂದ ಕೊಟ್ಟೆ ಎಂದು ಓದುವವರು ತಿಳಿಯಬಾರದು. ಹೇಸಿಗೆಯಿಂದಲೇ ಕೊಟ್ಟೆ. ಕೊಟ್ಟು ಒಂದೇ ಮಾತು ಹೇಳಿದೆ. “ಇದನ್ನ ನಿಮ್ಮವ್ವನ ಕೈಲೇ ಬಿಚ್ಚಿಸು. ಹೆಂಗ್ ಬಂತು ಅಂತ ನೀನೇ ಹೇಳು.”

ಆ ಸ್ಟೇಷನ್ನಿನ ಮೆಟ್ಟಿಲು ನಾನು ಮತ್ತೆ ಹತ್ತಲಿಲ್ಲ. ಅವರಿಗೆ ನಾವು ಬೇಕಾಗಿಯೂ ಇರಲಿಲ್ಲ. ಆವತ್ತಿನ ಹಾಡನ್ನು ರೆಕಾರ್ಡ್ ಮಾಡಿಟ್ಟುಕೊಂಡಿದ್ದರಲ್ಲ, ಅದನ್ನೇ ದಿನಾ ಹಾಕುತ್ತಿದ್ದಾರೆ ಎಂದು ಜಯಮ್ಮನ ತಂಗಿ ಹೇಳಿದಳು. ಅಂಗಡಿ ಬಾಗಿಲು ತೆಗೆಯುವವರು, ಹಲ್ಲುಜ್ಜುವವರು, ಎಲ್ಲರೂ ಇಲ್ಲದ ಹೆಣ್ಣನ್ನು ದಿನವೂ ಗಂಡನ ಮನೆಗೆ ಕಳಿಸಿದರು. ನಂಬರ್ ಏರಿತಂತೆ. ಆಮೇಲೆ ಜನಕ್ಕೆ ಅಳುವುದೂ ಬೇಜಾರಾಗಿ ಇಳಿಯಿತಂತೆ. ಇಳಿದ ಮೇಲೆ ಜನಪದ ತೆಗೆದು, ಫೋನ್ ಮಾಡಿ ಜನರನ್ನು ಗೇಲಿ ಮಾಡುವ ಕಾರ್ಯಕ್ರಮ ಹಾಕಿದರು. ಒಂದು ಮದುವೆಗೆ ಬೆಂಗಳೂರಿಂದ ಬಂದ ನೆಂಟರು ನನ್ನ ಕೈ ಹಿಡಿದು, “ರೇಡಿಯೋದಲ್ಲಿ ಅಳಿಸಿದ ಹಾಗೇ ಅಳಿಸಿ” ಎಂದರು. ಆ ದಿನ ಊಟ ಸೇರಲಿಲ್ಲ.

ಗೌರಿ ಹಬ್ಬದ ದಿನ ಮಧ್ಯಾಹ್ನ ಬಾಗಿಲಿಗೆ ಇಬ್ಬರು ಹೆಂಗಸರು ಬಂದು ನಿಂತರು. ಒಬ್ಬಳು ದಿವ್ಯಾ, ಸೀರೆ ಉಟ್ಟಿದ್ದಳು, ನೆರಿಗೆ ಒಂದೂ ಸರಿಯಿರಲಿಲ್ಲ. ಪಕ್ಕದಲ್ಲಿ ನನ್ನಷ್ಟೇ ವಯಸ್ಸಿನ ಗಟ್ಟಿ ಹೆಂಗಸು.

“ನನ್ನ ಕೊಂದೋಳನ್ನ ಕರ್ಕೊಂಡು ಬಂದಿದೀನಿ ನೋಡಿ,” ಎಂದಳು ಆ ಹೆಂಗಸು. “ಸತ್ತೋಳಿಗೆ ಒಂದು ಲೋಟ ನೀರು ಕೊಡ್ತೀರಾ? ಬಸ್ಸಲ್ಲಿ ಬಿಸಿಲು ತಡೆಯಕ್ಕಾಗ್ಲಿಲ್ಲ.”

ನನಗೆ ನಗು ಬಂತು. ಆವತ್ತಿನವರೆಗೆ ಆ ವಿಷಯಕ್ಕೆ ನಗು ಬರಬಹುದು ಎಂದು ನಾನು ಕನಸಲ್ಲೂ ಎಣಿಸಿರಲಿಲ್ಲ. ದಿವ್ಯಾ ಗಂಟನ್ನು ಒಯ್ದು ತಾಯಿಯ ಮುಂದಿಟ್ಟು, ನಡೆದದ್ದೆಲ್ಲ ಹೇಳಿದ್ದಳು. ತಾಯಿ ಕೆನ್ನೆಗೊಂದು ಕೊಟ್ಟು, ಅಳುವುದು ಮುಗಿದ ಮೇಲೆ ಅಕ್ಕಿ ಬೇಯಿಸಿ ಇಬ್ಬರೂ ಉಂಡರಂತೆ. ಮಡಿಲು ತುಂಬಿದ ಮನೆಗೆ ಗೌರಿ ಹಬ್ಬಕ್ಕೆ ಹೋಗದಿದ್ದರೆ ಆ ಅಕ್ಕಿ ಅರಗುವುದಿಲ್ಲ ಎಂದು ತಾಯಿಯೇ ಹೊರಡಿಸಿಕೊಂಡು ಬಂದದ್ದು. ಹುಡುಗಿ ರೇಡಿಯೋ ಬಿಟ್ಟು, ತುಮಕೂರಿನ ಒಂದು ಸ್ಕೂಲಿಗೆ ಟೀಚರ್ ಆಗಿ ಸೇರಿದ್ದಳು. ಜಯಮ್ಮ ಮಾತ್ರ ಸಂಜೆಯವರೆಗೆ ಅವಳನ್ನು ‘ಲಕ್ಷ್ಮೀ’ ಎಂದೇ ಕರೆದು ಕರೆದು ತನ್ನ ಟವಲ್ ವಾಪಸು ಕೇಳಿದಳು.

ಅಲ್ಲಿಂದ ಮುಂದೆ ಪ್ರತಿ ಗೌರಿ ಹಬ್ಬಕ್ಕೂ ಬಂದಳು. ಅವಳ ಮದುವೆ ನಿಜವಾಗಿ ಆದಾಗ ನಾವಿಬ್ಬರೂ ಹೋಗಿದ್ದೆವು. ಒಪ್ಪಿಸುವ ಪದವನ್ನು ಅವಳ ಎದುರು ನಿಂತು, ಅವಳ ಕೈ ಹಾಲಿನಲ್ಲಿರುವಾಗ ಹೇಳಿದೆ. ಪಕ್ಕದಲ್ಲಿ ಬದುಕಿರುವ ಅವ್ವ ಅಳುತ್ತಿದ್ದಳು. ಪದ ಅಂದು ನನಗೆ ವಾಪಸು ಬಂತು.

ಇಷ್ಟು ವರ್ಷದ ಕೆಲಸದಲ್ಲಿ ನಾನು ಕಲಿತದ್ದು ದೊಡ್ಡ ವಿಷಯವೇನಲ್ಲ. ಯಾರಿಗೆ ಹೇಳುತ್ತಿದ್ದೇನೋ ಅವರ ಮುಖ ನೋಡದೆ ಪದ ಎತ್ತಬಾರದು, ಅಷ್ಟೇ. ಮುಖ ಕಾಣದಿದ್ದರೆ ಉಳಿಯುವುದು ನಂಬರ್ ಒಂದೇ. ಆ ನಂಬರಿಗೆ ಹೆಣ್ಣೂ ಬೇಡ, ಅವ್ವನೂ ಬೇಡ.

ಹೋದ ತಿಂಗಳು, ಮಗಳು ಹುಟ್ಟಿ ಎರಡು ತಿಂಗಳಾದಾಗ, ದಿವ್ಯಾ ಫೋನ್ ಮಾಡಿದ್ದಳು. “ಅಮ್ಮಾ, ಇವಳು ನಿದ್ದೇನೇ ಮಾಡಲ್ಲ. ಫೋನಲ್ಲೇ ಒಂದು ಲಾಲಿ ಹೇಳಿಬಿಡಿ. ರೆಕಾರ್ಡ್ ಮಾಡ್ಕೊಂಡು ದಿನಾ ಹಾಕ್ತೀನಿ.”

“ದಿನಾ ಹಾಕ್ತೀಯಾ? ಕೋಳಿನೂ ಕೂಗಿಸ್ತೀಯೇನೇ? ಮುಖ ನೋಡ್ದೆ ನಾನ್ ಹೇಳಾಕಿಲ್ಲ ಅಂತ ನಿಂಗಿಂತ ಚೆನ್ನಾಗಿ ಯಾರ್ಗೇ ಗೊತ್ತು? ಕೂಸ್ನ ಎತ್ಕೊಂಡ್ ಬಾ.”

ಬಂದಳು. ತಾಯಿಯನ್ನೂ ಕರೆದುಕೊಂಡು, ಹಳೇಬೀಡಿನ ಬಸ್ಸಿಗೆ ಬಂದು ಮಾದಿಹಳ್ಳಿಯಲ್ಲಿ ಇಳಿದಳು. ಈಗ ಇಬ್ಬರೂ ಹಿತ್ತಲಿನಲ್ಲಿ ಜಯಮ್ಮನ ಜೊತೆ ಅವರೆಕಾಯಿ ಸುಲಿಯುತ್ತಾ ಜಗಳವಾಡುತ್ತಿದ್ದಾರೆ. ನಾನು ಇಷ್ಟು ಬರೆಯುವಷ್ಟರಲ್ಲಿ ಕೂಸು ರಾಗ ತೆಗೆಯಿತು. ಎದ್ದು ಹೋಗಿ ತೊಟ್ಟಿಲ ಹಗ್ಗ ಹಿಡಿದು, ಮುಖ ನೋಡುತ್ತಾ ಲಾಲಿ ಎತ್ತಿದೆ. ಕಣ್ಣು ಅಗಲ ಮಾಡಿ ನನ್ನ ಬಾಯಿಯನ್ನೇ ನೋಡಿದಳು. ಇವತ್ತು ನನ್ನ ಪದ ಕೇಳಿದವಳು ಒಬ್ಬಳೇ. ಅವಳೂ ಎರಡನೇ ನುಡಿಗೆ ನಿದ್ದೆ ಹೋದಳು.